ಶೆಟ್ಟಿಹಳ್ಳಿಗೆ ಹೋಗುವವರು ಬೈಬಲಿನ 137ನೇ ಕೀರ್ತನೆ ಓದಿಕೊಂಡು ಹೋಗಿ

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರದ ಪುರವಣಿಯಲ್ಲಿ ನಮ್ಮ ಹಾಸನದ ಹತ್ತಿರದ ಶೆಟ್ಟಿಹಳ್ಳಿಯ 'ಮುಳುಗುವ ಚರ್ಚ್' ಬಗ್ಗೆ ಅರ್ಧ ಪುಟ ಹಾಕಿದ್ದಿರಿ. ಚಿತ್ರ ಚೆನ್ನಾಗಿತ್ತು. ಆದರೆ ಬರಹದ ತುಂಬ ಯಾವ ತಿಂಗಳು ನೀರು ಎಷ್ಟಿರುತ್ತೆ, ಕಾರು ಎಲ್ಲಿ ನಿಲ್ಲಿಸಬೇಕು, ಫೋಟೊ ಯಾವ ಕಡೆಯಿಂದ ತೆಗೆಯಬೇಕು ಅನ್ನೋದೇ. ಅಲ್ಲೊಂದು ಊರಿತ್ತು ಅನ್ನೋದು ಒಂದೇ ಸಾಲಿನಲ್ಲಿ ಮುಗಿದುಹೋಯಿತು.

ನಾನು ಹಾಸನದವನು, ಕ್ರೈಸ್ತನಲ್ಲ. ಮೂರು ವರ್ಷದ ಹಿಂದೆ ಫುಟ್‌ಪಾತಿನಲ್ಲಿ ರಟ್ಟು ಕಿತ್ತುಹೋದ ಕನ್ನಡ ಬೈಬಲ್ ಒಂದು 80 ರೂಪಾಯಿಗೆ ಸಿಕ್ಕಿತು. ಮೊದಲ ಪುಟದಿಂದ ಓದಲು ಹೋಗಿ ಯಾಜಕಕಾಂಡದ ಬಲಿ, ನೇಮಗಳಲ್ಲಿ ಸಿಕ್ಕಿಹಾಕಿಕೊಂಡೆ. ಪಕ್ಕದ ಮನೆಯ ಟೀಚರಮ್ಮ 'ಮೊದಲು ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆ ಓದಿ, ಬರೀ 16 ಅಧ್ಯಾಯ, ಒಂದು ಸಂಜೆ ಸಾಕು' ಅಂದರು. ಅಲ್ಲಿಂದ ಚಟ ಹತ್ತಿತು. ಓದೋದು, ರಜೆ ಸಿಕ್ಕರೆ ಬಸ್ಸು ಹತ್ತಿ ಒಂದು ಚರ್ಚು ನೋಡಿ ಬರೋದು.

ಮಂಗಳೂರಿನ ಅಲೋಶಿಯಸ್ ಚಾಪೆಲ್‌ಗೆ ಮೊದಲ ಸಲ ಹೋದಾಗ ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿ, ಚೆಂದ ಇದೆ ಅಂದುಕೊಂಡು ಬಂದಿದ್ದೆ, ಅಷ್ಟೇ. ಇಟಲಿಯ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ಕೂತು ಬರೆದ ಚಿತ್ರಗಳವು. ಓದಿಕೊಂಡು ಹೋದ ಸಲ ಯೇಸುವಿನ ಸುತ್ತ ಮಕ್ಕಳಿರುವ ಚಿತ್ರದ ಮುಂದೆ ನಿಂತುಬಿಟ್ಟೆ. ಮಾರ್ಕನ ಹತ್ತನೇ ಅಧ್ಯಾಯದಲ್ಲಿ, ಮಕ್ಕಳನ್ನು ಕರೆತಂದವರನ್ನು ಶಿಷ್ಯರು ಗದರಿಸುತ್ತಾರೆ, ಯೇಸುವಿಗೆ ಶಿಷ್ಯರ ಮೇಲೇ ಸಿಟ್ಟು ಬರುತ್ತೆ. ಕ್ಯಾಲೆಂಡರ್‌ನಲ್ಲಿ ಕಂಡಿದ್ದ ಸಾಧು ಮುಖಕ್ಕೂ ಈ ಸಿಟ್ಟಿಗೂ ಎಲ್ಲಿಯ ಹೊಂದಾಣಿಕೆ! ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಗೂ ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದೆ ಮೇಣದಬತ್ತಿ ಹಿಡಿದು ನಿಂತ ಅಜ್ಜಿಯ ಹಣೆಯಲ್ಲಿ ಕಾಸಗಲ ಕುಂಕುಮ.

ಆದರೆ ಓದಿದ್ದು ಎದೆಗೆ ತಾಗಿದ್ದು ಶೆಟ್ಟಿಹಳ್ಳಿಯಲ್ಲೇ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟೆ ಕಟ್ಟಿದ ಮೇಲೆ ಊರಿನವರು ಗಂಟುಮೂಟೆ ಕಟ್ಟಿದರು, ಚರ್ಚು ಮಾತ್ರ ಉಳಿಯಿತು. ಬೇಸಿಗೆಯಲ್ಲಿ ಹೋದರೆ ಗೋಡೆಯ ಮೇಲೆ ನೀರು ನಿಂತ ಕೆಸರಿನ ಗೆರೆ ಕೈಗೆ ಸಿಗುತ್ತೆ, ಉಗುರಲ್ಲಿ ಕೆರೆದರೆ ಪುಡಿಪುಡಿ. ಅಲ್ಲಿ ಕೂತು 137ನೇ ಕೀರ್ತನೆ ಓದಿದೆ. ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರು ಅಲ್ಲಿನ ನದಿಗಳ ದಡದಲ್ಲಿ ಕೂತು, ಬಿಟ್ಟು ಬಂದ ಊರು ನೆನೆದು ಅಳುವ ಹಾಡು ಅದು. ನುಡಿಸುವ ಕಿನ್ನರಿಗಳನ್ನು ಮರಕ್ಕೆ ನೇತುಹಾಕಿದ್ದಾರೆ. ಸೆರೆಹಿಡಿದು ತಂದವರು ಬಂದು, ನಿಮ್ಮೂರಿನದೊಂದು ಹಾಡು ಹೇಳಿ, ಮಜಾ ಇರುತ್ತೆ ಅಂತಾರೆ. (ಕೊನೆಯ ಸಾಲುಗಳ ಸೇಡಿನ ಮಾತು ಓದಿ ಸುಮ್ನೆ ಪುಸ್ತಕ ಮುಚ್ಚಿದೆ, ಅದೂ ಹೇಳಿಬಿಡಬೇಕಲ್ವಾ.) ಅದೇ ಹೊತ್ತಿಗೆ ಬಲಿಪೀಠ ಇದ್ದ ಕಡೆ ಒಂದು ಜೋಡಿಯ ಪ್ರೀ ವೆಡ್ಡಿಂಗ್ ಶೂಟ್ ನಡೆದಿತ್ತು. ಹುಡುಗಿಯ ಗೌನು ಕೆಸರಾಗದ ಹಾಗೆ ಇಬ್ಬರು ಎತ್ತಿ ಹಿಡಿದಿದ್ದರು. ಅವರ ತಪ್ಪಲ್ಲ ಬಿಡಿ, ಅದೇನು ಜಾಗ ಅಂತ ಯಾರೂ ಅವರಿಗೆ ಹೇಳಿಲ್ಲ.

ಆ ಊರು ಬಿಟ್ಟವರಲ್ಲಿ ಹಿರಿಯರು ಇನ್ನೂ ಕೆಲವರಾದರೂ ಇದ್ದಾರು. ನಿಮ್ಮ ವರದಿಗಾರರು ಅವರನ್ನು ಹುಡುಕಿ ಮಾತಾಡಿಸಲಿ. ಆ ಚರ್ಚಿನಲ್ಲಿ ಮದುವೆಯಾದವರು, ಹೆಸರಿಡಿಸಿಕೊಂಡವರು ಹೇಳೋದನ್ನು ಹಾಕಿ. ಕಾರು ನಿಲ್ಲಿಸೋ ಜಾಗದ ವಿಷಯ ಬೇಕಾದರೆ ಕೊನೆಯಲ್ಲಿ ಇರಲಿ.

ಇಂತಿ,
ನಿಮ್ಮ ಓದುಗ, ಹಾಸನ