ಸೂರಿನ ಪಟ್ಟಿಗೆ ಯಾವ ಮರ?

ಹ್ಯೂಸ್ಟನ್

ಪ್ರೀತಿಯ ಅಣ್ಣನಿಗೆ,

ಇಲ್ಲಿ ನಾವೆಲ್ಲ ಕ್ಷೇಮ. ಅಪ್ಪನ ಮಂಡಿನೋವು ಕಮ್ಮಿಯಾಗಿದೆ ಅಂತ ಅಮ್ಮ ಹೇಳಿದರು, ಸಮಾಧಾನವಾಯಿತು. ತಿಪಟೂರಿನ ಮನೆಯ ಸೂರಿನ ಪಟ್ಟಿಗೆ, ಕಿಟಕಿ ಸುತ್ತಿನ ಪಟ್ಟಿಗೆ ಯಾವ ಮರ ಹಾಕಿಸಲಿ ಎಂದು ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಈ ಊರಲ್ಲಿ ವರ್ಷಕ್ಕೆ 1,200 ಮಿಲಿಮೀಟರಿಗಿಂತ ಜಾಸ್ತಿ ಮಳೆ, ನಮ್ಮ ಕಡೆಯ ಹೆಚ್ಚುಕಡಿಮೆ ಎರಡರಷ್ಟು. ಮಳೆ ನಿಂತರೂ ಗಾಳಿಯಲ್ಲಿ ತೇವ ಹೋಗುವುದಿಲ್ಲ. ಇಂಥ ಕಡೆ ನಮ್ಮ ಮನೆಗೆ ಬಿಲ್ಡರ್ ಹಾಕಿದ್ದು ಅಗ್ಗದ ಪೈನ್. ಸಣ್ಣ ತುಂಡುಗಳನ್ನು ಕೈಬೆರಳು ಹೆಣೆದ ಹಾಗೆ ಜೋಡಿಸಿ, ಅಂಟು ಹಾಕಿ, ಬಿಳಿ ಪ್ರೈಮರ್ ಬಳಿದು ಮಾರುತ್ತಾರೆ. ಮೊನ್ನೆ ಗ್ಯಾರೇಜ್ ಬಾಗಿಲ ಪಕ್ಕದ ಪಟ್ಟಿಯ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಮೇಲೆ ಬಣ್ಣ ಚೆನ್ನಾಗೇ ಇತ್ತು. ತುದಿ ಸಲೀಸಾಗಿ ಒಳಗಿಳಿಯಿತು, ಎಳೆದರೆ ಒದ್ದೆ ಕಂದು ಪುಡಿ. ಒಂದು ಗೇಣು ಮೇಲೆ ಅದೇ ಪಟ್ಟಿ ಗಟ್ಟಿಯಾಗಿತ್ತು!

ಮರ ನೀರು ಕುಡಿಯುವುದು ಹೆಚ್ಚಾಗಿ ಕೊಯ್ದ ತುದಿಯಿಂದ. ಬೆಳೆಯುವಾಗ ನೀರು ಏರುತ್ತಿದ್ದ ಸಣ್ಣ ಕೊಳವೆಗಳೆಲ್ಲ ಅಲ್ಲಿ ತೆರೆದಿರುತ್ತವೆ. ಮರದ ತೇವ ಶೇಕಡಾ 20ರ ಕೆಳಗಿದ್ದರೆ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ. ಆ ಬುಡ ನೆಲಕ್ಕೇ ತಾಗಿಕೊಂಡಿತ್ತು, ಒಣಗುವುದಾದರೂ ಹೇಗೆ?

ಈಗ ಅಲ್ಲಿಗೆ ಬೇಗ ಕೊಳೆಯದ ಸೀಡರ್ ಮರ ಹಾಕಿಸಿದ್ದೇವೆ. ಸೈಪ್ರೆಸ್ ಕೂಡ ಇಲ್ಲಿ ಹೆಸರುವಾಸಿ, ಆದರೆ ಹಳೇ ಮರದ್ದಾಗಬೇಕು. ಕೊಳೆಯದೆ ತಡೆಯುವುದು ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ; ಬೇಗ ಬೆಳೆದ ಎಳೆ ಮರದಲ್ಲಿ ಅದು ಕಡಿಮೆ. ನೀನೂ ತೇಗ ಎಂದ ತಕ್ಷಣ ದುಡ್ಡು ಎಣಿಸಬೇಡ. ಎಳೆ ತೇಗದ ಅಂಚಿನ ಬಿಳಿ ಭಾಗವನ್ನು ಗೆದ್ದಲು ಬಿಡುವುದಿಲ್ಲ. ಕಂದು ಚೇಗಿನ ಹಲಗೆಯನ್ನೇ ಆರಿಸು. ಹೊನ್ನೆ, ಹಲಸಿನ ಚೇಗು ಆದರೂ ಸರಿ. ಸಿಲ್ವರ್ ಓಕ್ ಅಗ್ಗ ಅಂತ ಆಚಾರ್ರು ಹೇಳಬಹುದು. ಅದು ಮನೆಯೊಳಗೆ ಸಾಕು, ಹೊರಗೆ ಬೇಡ.

ತೋಟದ ಹಳೇ ತೆಂಗಿನ ಮರ ಕೊಯ್ಸೋಣ ಅಂತ ಅಪ್ಪ ಅಂದರಂತೆ. ತೆಂಗಿನದು ಉಲ್ಟಾ ಲೆಕ್ಕ. ಹೊರಗಿನ ಅಂಚು ಗಟ್ಟಿ, ಒಳಗೆ ಮೆತ್ತಗೆ. ಬೇರೆ ಮರದ ಹಾಗೆ ಚೇಗೇ ಇಲ್ಲ. ಒಳಗಿನ ಜಂತೆಗೆ ಆಗಲಿ, ಮಳೆ ಬಡಿಯುವ ಕಡೆ ಹಾಕಿಸಬೇಡ. ಅಪ್ಪನಿಗೆ ನೀನೇ ಹೇಳು, ನಾನು ಹೇಳಿದರೆ ಅಮೆರಿಕಾ ಬುದ್ಧಿ ಅಂತಾರೆ.

ಪಟ್ಟಿ ಹೊಡೆಯುವ ಮೊದಲೇ ನಾಲ್ಕೂ ಬದಿಗೆ ಪ್ರೈಮರ್ ಬಳಿಸು, ಗೋಡೆಗೆ ತಾಗುವ ಹಿಂಬದಿಗೂ. ಆಚಾರ್ರು ಅಳತೆಗೆ ಕೊಯ್ದ ತುದಿಗೆ ಅಲ್ಲೇ ಮತ್ತೆ ಎರಡು ಕೋಟ್. ಸಾಮಾನ್ಯವಾಗಿ ಇದನ್ನೇ ಬಿಡುತ್ತಾರೆ, ಪಕ್ಕದಲ್ಲಿ ನಿಂತು ಮಾಡಿಸು. ಬುಡಕ್ಕೂ ನೆಲಕ್ಕೂ ಎರಡು ಬೆರಳು ಸಂದು ಇರಲಿ. ಸಾದಾ ಮೊಳೆ ಬೇಡ, ತುಕ್ಕಿನ ಕರಿ ಗೆರೆ ಇಳಿಯುತ್ತೆ. ಸ್ಟೇನ್‌ಲೆಸ್ ಸ್ಕ್ರೂ ತರಿಸು.

ಮರ ಬಂದ ಮೇಲೆ ಹಲಗೆಗಳ ತುದಿಯ ಫೋಟೋ ವಾಟ್ಸಾಪ್ ಮಾಡು, ಚೇಗು ಎಷ್ಟಿದೆ ನೋಡುತ್ತೇನೆ. ದುಡ್ಡು ಸಾಲದಿದ್ದರೆ ಹೇಳು, ಸಂಕೋಚ ಬೇಡ. ಅಪ್ಪ ಅಮ್ಮನಿಗೆ ನಮಸ್ಕಾರ, ಅತ್ತಿಗೆಗೆ ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ತಂಗಿ