ಟ್ಯೂಬಿನ ಮೇಲಿನ ಇಸವಿ

ಮಹಾಲಿಂಗಪುರ

ಪ್ರೀತಿಯ ಮಗಳೇ,

ಹೋದ ವಾರ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. "ದೊಡ್ಡವ್ವಾ, ವೈರಸ್ ಬಗ್ಗೆ ಕಲೀಬೇಕು ಅಂತ ಬಂದೆ, ಮೂರು ತಿಂಗಳಿಂದ ಟ್ಯೂಬಿಗೆ ಲೇಬಲ್ ಹಚ್ಚೋದೇ ಆಗಿದೆ" ಅಂದೆ. ನಾನು ಬಸ್ಸಿನಲ್ಲಿದ್ದೆ, ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಏಡ್ಸ್ ತರುವ ಎಚ್‌ಐವಿ ವೈರಸ್ ಎಲ್ಲಿಂದ ಬಂತು ಅಂತ ಗೊತ್ತಾಗಿದ್ದು ಹೇಗೆ, ಕೇಳು. ಆಫ್ರಿಕಾದ ಕ್ಯಾಮರೂನ್ ದೇಶದ ಕಾಡಿನ ಚಿಂಪಾಂಜಿಗಳು ಮನುಷ್ಯರ ಹತ್ತಿರ ಸುಳಿಯುವುದಿಲ್ಲ. ಹಿಡಿದು ರಕ್ತ ತೆಗೆಯುವುದು ಆಗದ ಮಾತು. ಹಾಗಾಗಿ ನೆಲಕ್ಕೆ ಬಿದ್ದ ಅವುಗಳ ಮಲವನ್ನೇ ಹೆಕ್ಕಿ ತಂದರು. ಕೆಡದ ಹಾಗೆ ಇಡುವ ದ್ರಾವಣದಲ್ಲಿ ಹಾಕಿದರು. ಹತ್ತು ಕಡೆಯಿಂದ 599 ಮಾದರಿ. ಬೀಟ್ರಿಸ್ ಹಾನ್, ಮಾರ್ಟಿನ್ ಪೀಟರ್ಸ್, ಪಾಲ್ ಶಾರ್ಪ್ ಅನ್ನೋ ವಿಜ್ಞಾನಿಗಳಿದ್ದ ತಂಡ ಅವನ್ನು ಪರೀಕ್ಷೆ ಮಾಡಿತು. 2006ರಲ್ಲಿ ಉತ್ತರ ಬಂತು. ಎಚ್‌ಐವಿಯಲ್ಲಿ ಬೇರೆ ಬೇರೆ ಬಗೆ ಇವೆ; ಜಗತ್ತಿನ ತುಂಬ ಹರಡಿದ್ದು ಎಚ್‌ಐವಿ-1ರ ಎಂ ಗುಂಪು. ಅದಕ್ಕೆ ತೀರಾ ಹತ್ತಿರದ ವೈರಸ್ ಇರುವುದು ಆಗ್ನೇಯ ಕ್ಯಾಮರೂನಿನ ಚಿಂಪಾಂಜಿಗಳಲ್ಲಿ. ಯಾವ ಮಲ ಎಲ್ಲಿಯದು ಅಂತ ಯಾರೋ ಬರೆದಿಡದಿದ್ದರೆ "ಆಗ್ನೇಯ" ಅನ್ನೋ ಮಾತು ಬರುತ್ತಿತ್ತಾ? ಅದೇ ವರ್ಷ ಗೊರಿಲ್ಲಾ ಮಲದಲ್ಲೂ ಇಂಥದ್ದೇ ವೈರಸ್ ಸಿಕ್ಕಿತು.

ಇನ್ನೊಂದು ಟ್ಯೂಬಿನ ಕಥೆ ನನಗೆ ಇದಕ್ಕಿಂತ ಜಾಸ್ತಿ ಇಷ್ಟ. ಆಫ್ರಿಕಾದ ಕಾಂಗೋ ದೇಶದ, ಇವತ್ತಿನ ಕಿನ್ಶಾಸಾ ಊರಲ್ಲಿ 1959ರಲ್ಲಿ ಒಬ್ಬರ ರಕ್ತ ತೆಗೆದಿದ್ದರು, ಬೇರೇನೋ ಅಧ್ಯಯನಕ್ಕೆ. ಆಗ ಏಡ್ಸ್ ಅನ್ನೋ ಹೆಸರೇ ಇರಲಿಲ್ಲ. ಅದರಲ್ಲಿದ್ದ ಎಚ್‌ಐವಿಯ ವಿವರ ಹೊರಬಂದದ್ದು 1998ರಲ್ಲಿ. ಆಮೇಲೆ ಅದೇ ಊರಿನ, 1960ರ ಇನ್ನೊಂದು ಮಾದರಿ ಸಿಕ್ಕಿತು, ಮೇಣದಲ್ಲಿ ಹುದುಗಿಸಿಟ್ಟ ಒಂದು ಗ್ರಂಥಿಯ ಚೂರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವೈರಸ್ ಆಗಲೇ ಬಹಳ ಬೇರೆ ಬೇರೆಯಾಗಿತ್ತು. ಅಷ್ಟು ಬದಲಾಗಲು ಎಷ್ಟು ವರ್ಷ ಹಿಡಿಯುತ್ತದೆ ಅಂತ ವಿಜ್ಞಾನಿ ಮೈಕೆಲ್ ವೊರೊಬಿ ಅವರ ತಂಡ 2008ರಲ್ಲಿ ಲೆಕ್ಕ ಹಾಕಿತು. ಎರಡರ ಮೂಲ ಒಂದೇ ಆಗಿದ್ದದ್ದು 1908ರ ಸುಮಾರಿಗೆ. ಹಿಂದೆ ಮುಂದೆ ಹಿಡಿದರೆ 1884ರಿಂದ 1924ರ ಒಳಗೆ. 1950ರ ದಶಕದ ಪೋಲಿಯೋ ಲಸಿಕೆಯಿಂದ ಈ ರೋಗ ಬಂತು ಅನ್ನೋ ವಾದ ಇದರ ಮುಂದೆ ನಿಲ್ಲಲಿಲ್ಲ. ಆ ಮಾದರಿಗಳ ಮೇಲೆ ಇಸವಿ ಇತ್ತು, ಮಗಳೇ. ಇಸವಿ ಇಲ್ಲದಿದ್ದರೆ ಲೆಕ್ಕವೇ ಇಲ್ಲ.

ನಾನು ಲ್ಯಾಬಿನಲ್ಲಿ ಹೊಸಬಳಿದ್ದಾಗ ನಡೆದದ್ದನ್ನು ನಿನಗೆ ಯಾವತ್ತೂ ಹೇಳಿಲ್ಲ. ಒಂದೇ ಹೆಸರಿನ ಇಬ್ಬರು ಹೆಂಗಸರು ಸಾಲಿನಲ್ಲಿ ಹಿಂದೆ ಮುಂದೆ ಇದ್ದರು. ಟ್ಯೂಬಿಗೆ ಬಿಳಿ ಪ್ಲಾಸ್ಟರ್ ಹಚ್ಚಿ ಬಾಲ್‌ಪೆನ್ನಿನಲ್ಲಿ ಬರೆದಿದ್ದೆ. ಸ್ಪಿರಿಟ್ ಹತ್ತಿ ತಾಗಿ ನೀಲಿ ಶಾಯಿ ಹರಡಿತು. ಗದ್ದಲವಿತ್ತು, ಅಂದಾಜಿನ ಮೇಲೆ ಮತ್ತೆ ಬರೆದುಬಿಟ್ಟೆ. ನಾಲ್ಕು ದಿನ ಒಬ್ಬಾಕೆ ತನ್ನದಲ್ಲದ ರೋಗ ಹೊತ್ತು ತಿರುಗಿದಳು. ಎರಡನೇ ಸಲ ರಕ್ತ ನೋಡಿದಾಗ ತಪ್ಪು ತಿಳಿಯಿತು. ಆಕೆ ಸೆರಗಿನ ಗಂಟು ಬಿಚ್ಚಿ ಆ ರಿಪೋರ್ಟ್ ನನ್ನ ಕೈಗಿಟ್ಟಳು. ಮಡಿಚಿ ಮಡಿಚಿ ಸುಪಾರಿ ಚೀಟಿನಷ್ಟಾಗಿತ್ತು, ಬೆವರಿಗೆ ಒದ್ದೆಯಾಗಿತ್ತು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅವತ್ತಿನಿಂದ ಸೂಜಿ ಹಿಡಿಯುವ ಮೊದಲೇ ಟ್ಯೂಬಿಗೆ ಬರೆದೆ, ಪೆನ್ಸಿಲಿನಲ್ಲಿ. ಹೆಸರು, ವಯಸ್ಸು, ಊರು, ನಂಬರ್.

ಇದನ್ನೂ ಹೇಳಲೇಬೇಕು. ನಮ್ಮ ಓಣಿಯಲ್ಲಿ ಬೆಲ್ಲದ ಲೋಡು ಒಯ್ಯುವ ಲಾರಿ ಡ್ರೈವರ್ ಒಬ್ಬನಿದ್ದ. ಏಡ್ಸ್‌ನಿಂದ ಅವನು ತೀರಿಹೋದ ಮೇಲೆ ಅವನ ಹೆಂಡತಿಗೆ ಎಲ್ಲರೂ ಕೇಳಿದ್ದು ಒಂದೇ, "ಯಾರಿಂದ ಹತ್ತಿಸಿಕೊಂಡ?" ಮದುವೆ ಮನೆಯಲ್ಲಿ ಆಕೆಗೆ ಬೇರೆ ತಾಟು ಇಟ್ಟರು. ತಾಟಿನಿಂದ ಬರುವ ರೋಗ ಅಲ್ಲ ಅಂತ ನನಗೆ ಗೊತ್ತಿತ್ತು. ನಾನು ಎದ್ದು ಹೇಳಲಿಲ್ಲ. ಆ ಮೌನ ಇವತ್ತಿಗೂ ಚುಚ್ಚುತ್ತದೆ.

ಆ ಕ್ಯಾಮರೂನಿನ ಕಾಡಿನಲ್ಲಿ ಯಾರೋ ಹೊಟ್ಟೆಪಾಡಿಗೆ ಚಿಂಪಾಂಜಿ ಬೇಟೆಯಾಡಿ ಮಾಂಸ ಕೊಯ್ದಿರಬೇಕು. ಗಾಯಕ್ಕೆ ರಕ್ತ ತಾಗಿರಬೇಕು. ಬಲ್ಲವರು ಹೇಳುವುದು ಹೀಗೆ. ಅಲ್ಲಿಂದ ನದಿ ಹಿಡಿದು ಕಿನ್ಶಾಸಾ, ರೈಲು ಹಿಡಿದು ಬೇರೆ ಊರುಗಳು. ಇದರಲ್ಲಿ ಯಾರ ಪಾಪ ಹುಡುಕುವುದು? "ಯಾರಿಂದ ಬಂತು" ಅಂತ ನಿನ್ನ ಮುಂದೆ ಯಾರಾದರೂ ಕೇಳಿದರೆ, ನನ್ನ ಹಾಗೆ ಸುಮ್ನೆ ಕೂರಬೇಡ. ಈ ದಾರಿ ಹೇಳು.

ನಿಮ್ಮ ಲ್ಯಾಬಿನಲ್ಲಿ ಯಾವ ಪೆನ್ನು ಕೊಟ್ಟಿದ್ದಾರೋ ನನಗೆ ತಿಳಿಯದು. ಒಂದು ಖಾಲಿ ಟ್ಯೂಬಿನ ಮೇಲೆ ಬರೆದು, ಸ್ಪಿರಿಟ್ ಹಚ್ಚಿ ಉಜ್ಜಿ ನೋಡು. ಅಳಿಸಿದರೆ ಬೇರೆ ಕೇಳು. ಅಕ್ಷರ ಮಾಸಿದ ಹಳೇ ಟ್ಯೂಬುಗಳಿವೆ ಅಂದೆಯಲ್ಲ, ಅವಕ್ಕೆ ಅಂದಾಜಿನಲ್ಲಿ ಬರೆಯಬೇಡ. ರಜಿಸ್ಟರ್ ತೆಗೆಸು. ಅದರಲ್ಲೂ ಸಿಗದಿದ್ದರೆ ಗೊತ್ತಿಲ್ಲ ಅಂತಲೇ ಬರೆ.

ರವಿವಾರ ನಿನ್ನ ತಮ್ಮನ ಕೈಯಲ್ಲಿ ಶೇಂಗಾ ಹೋಳಿಗೆ, ಒಂದು ಡಜನ್ ಪೆನ್ಸಿಲ್ ಕಳಿಸುತ್ತೇನೆ.

ನಿನ್ನ
ದೊಡ್ಡವ್ವ