ಆ ಫೋಟೋ ಹಳೇ ರಾಜಪೂತ್‌ದಲ್ಲ

ಸಂಪಾದಕರಿಗೆ ನಮಸ್ಕಾರ.

ನೌಕಾಪಡೆ ದಿನಕ್ಕೆ ನೀವು ಹಾಕಿದ್ದ, 1971ರ ಯುದ್ಧದಲ್ಲಿ ವಿಶಾಖಪಟ್ಟಣದ ಹತ್ತಿರ ಮುಳುಗಿದ ಪಾಕಿಸ್ತಾನದ ಘಾಜಿ ಸಬ್‌ಮರೀನ್ ಕಥೆ ಓದಿದೆ, ಬರಹ ಚೆನ್ನಾಗಿತ್ತು, ಆದ್ರೆ ಅದನ್ನ ಎದುರಿಸಿದ ರಾಜಪೂತ್ ಅಂತ ಜೊತೆಗೆ ಹಾಕಿದ್ದ ಹಡಗಿನ ಫೋಟೋ ನೋಡಿ ಬೇಜಾರಾಯ್ತು. ಅದರ ಮೈಮೇಲೆ 51 ಅಂತ ದೊಡ್ಡದಾಗೇ ಕಾಣ್ತಿದೆ. ಅದು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಎರಡನೇ ರಾಜಪೂತ್, ನೌಕಾಪಡೆಗೆ ಸೇರಿದ್ದೇ 1980ರಲ್ಲಿ, 2021ರಲ್ಲಿ ರಿಟೈರ್ ಆಯ್ತು. ಅದು 1971ರಲ್ಲಿ ವಿಶಾಖಪಟ್ಟಣದಲ್ಲಿ ಹೇಗಿರತ್ತೆ ಹೇಳಿ? ಆವತ್ತಿನ ಹಡಗಿನ ನಂಬರ್ 141.

ನಮ್ಮಪ್ಪ ಇಲ್ಲೇ ಮುಂಬೈ ಡಾಕ್‌ಯಾರ್ಡಲ್ಲಿ ಫಿಟ್ಟರ್ ಆಗಿದ್ರು, ಹಾಗಾಗಿ ಈ ನಂಬರ್ ನಾನು ಸ್ಕೂಲಿಗೆ ಹೋಗೋ ಮೊದ್ಲೇ ಕಲಿತಿದ್ದು. ಆ ಹಳೇ ರಾಜಪೂತ್ ಹಡಗಿನ ಮೊದಲ ಹೆಸರು ರೋದರ್‌ಹ್ಯಾಮ್. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಲ್ಲಿ ಜಾನ್ ಬ್ರೌನ್ ಕಂಪನಿ ಕಟ್ಟಿದ್ದು, 1942ರಲ್ಲಿ ಬ್ರಿಟಿಷ್ ನೌಕಾಪಡೆಗೆ ಸೇರ್ತು, 4.7 ಇಂಚಿನ ನಾಲ್ಕು ತೋಪು, ಎಂಟು ಟಾರ್ಪಿಡೊ ಕೊಳವೆ, 40,000 ಹಾರ್ಸ್‌ಪವರ್ ಎಂಜಿನ್. 1944ರಲ್ಲಿ ಈ ಕಡೆ ಹಿಂದೂ ಮಹಾಸಾಗರದಲ್ಲೇ ಇತ್ತು, ಸುಮಾತ್ರಾದ ಸಬಾಂಗ್ ಮೇಲೆ ದಾಳಿಗೆ ಹೋದ ದಂಡಲ್ಲೂ ಇತ್ತು. 1949ರಲ್ಲಿ ನಮ್ಮದಾಯ್ತು, ಜೊತೆಗೆ ಅದೇ ಜಾತಿಯ ಇನ್ನೆರಡು ಹಡಗು ಬಂದು ರಾಣಾ, ರಣಜಿತ್ ಅಂತ ಹೆಸರು ಪಡೆದ್ವು. 1961ರಲ್ಲಿ ಗೋವಾ ಕಾರ್ಯಾಚರಣೆಗೆ ವಿಮಾನವಾಹಕ ಹಡಗು ವಿಕ್ರಾಂತ್ ಜೊತೆ ಹೋಗಿದ್ದೂ ಇದೇ.

ಮನೇಲಿ ಒಂದು ಫೋಟೋ ಇದೆ. ಡೆಕ್ ಮೇಲೆ ನಾಲ್ಕು ಜನ ಕುಕ್ಕರಗಾಲಲ್ಲಿ ಕೂತಿದ್ದಾರೆ, ಅಪ್ಪನ ಕೈಯಲ್ಲಿ ಎಣ್ಣೆ ಒರೆಸೋ ಹತ್ತಿ ಉಂಡೆ, ಹಿಂದೆ ಸಾಲಾಗಿ ಡೆಪ್ತ್ ಚಾರ್ಜ್ (ಸಬ್‌ಮರೀನ್ ಒಡೆಯೋಕೆ ನೀರಿಗೆ ಹಾಕೋ ಬಾಂಬು), ನೋಡಿದ್ರೆ ಸೀಮೆಎಣ್ಣೆ ಡ್ರಮ್ಮೇ ಅನ್ಬೇಕು. ಅಪ್ಪನ ಮೊಣಕೈ ಕೆಳಗೆ ಒಂದು ಸುಟ್ಟ ಕಲೆ ಇತ್ತು, ಆ ಹಡಗಿನ ಬಾಯ್ಲರ್ ರೂಮಲ್ಲಿ ಸ್ಟೀಮ್ ಪೈಪು ತಾಗಿ ಆಗಿದ್ದು. ಪೈಪೆಲ್ಲ ಹಳೇದಾಗಿತ್ತು, ಒಂದು ಕಡೆ ಬಿಗಿ ಮಾಡಿದ್ರೆ ಇನ್ನೊಂದು ಕಡೆ ಸೋರೋದು ಅಂತಿದ್ರು. ಹಡಗನ್ನ 'ಅಜ್ಜಿ' ಅಂತಲೇ ಕರೀತಿದ್ರು.

1971ರಲ್ಲಿ ಆ ಅಜ್ಜಿನ ಸೇವೆಯಿಂದ ತೆಗೆಯೋ ಹೊತ್ತು, ಆದ್ರೆ ಯುದ್ಧ ಬಂತು. ಘಾಜಿ ಹುಡುಕ್ತಾ ಇದ್ದಿದ್ದು ವಿಕ್ರಾಂತ್‌ನ, ಅದಕ್ಕೇ ಅದನ್ನ ಏಮಾರಿಸೋಕೆ ವಿಕ್ರಾಂತ್‌ನ ಅಂಡಮಾನ್ ಕಡೆ ಬಚ್ಚಿಟ್ಟು, ವಿಶಾಖಪಟ್ಟಣದಲ್ಲಿ ರಾಜಪೂತ್ ಕೈಲಿ ವಿಕ್ರಾಂತ್ ಇದ್ದ ಹಾಗೆ ವೈರ್‌ಲೆಸ್ ಸಂದೇಶ ಕಳಿಸ್ತಿದ್ರು. ಡಿಸೆಂಬರ್ 3ರ ರಾತ್ರಿ ಲೆಫ್ಟಿನೆಂಟ್ ಕಮಾಂಡರ್ ಇಂದರ್ ಸಿಂಗ್ ಹಡಗನ್ನ ಬಂದರಿನಿಂದ ಹೊರಗೆ ತಂದಾಗ ಮುಂದೆ ನೀರು ಕಲಕಿದ ಹಾಗೆ ಕಂಡಿತಂತೆ, ಕೂಡ್ಲೇ ಎರಡು ಡೆಪ್ತ್ ಚಾರ್ಜ್ ಹಾಕಿಸಿದ್ರು, ಸ್ವಲ್ಪ ಹೊತ್ತಿಗೆ ಊರಿನ ಕಿಟಕಿ ಗಾಜೆಲ್ಲ ಅದುರೋ ಥರ ಸ್ಫೋಟ. ಮರುದಿನ ಮೀನುಗಾರರು ಸಮುದ್ರದಿಂದ ಘಾಜಿಯ ಚೂರುಪಾರು ತಂದುಕೊಟ್ರು. ರಾಜಪೂತೇ ಅದನ್ನ ಮುಳುಗಿಸ್ತು ಅಂತ ನಮ್ಮವರು, ಒಳಗೇ ಏನೋ ಸಿಡಿದು ಮುಳುಗ್ತು ಅಂತ ಪಾಕಿಸ್ತಾನ ಹೇಳತ್ತೆ, ಆ ವಾದ ಇನ್ನೂ ಮುಗಿದಿಲ್ಲ. ಘಾಜಿಲಿದ್ದ 90ಕ್ಕೂ ಹೆಚ್ಚು ಜನ ಯಾರೂ ಬದುಕಲಿಲ್ಲ, ಆ ಮಾತು ಬಂದಾಗಲೆಲ್ಲ ಅಪ್ಪ ಸುಮ್ಮನಾಗ್ತಿದ್ರು.

ಇಂದರ್ ಸಿಂಗ್‌ಗೆ ವೀರಚಕ್ರ ಬಂತು. ಹಡಗು 1976ರಲ್ಲಿ ಗುಜರಿಗೆ ಹೋಯ್ತು. ಚಪಲ್ ಅನ್ನೋ ಕ್ಷಿಪಣಿ ದೋಣಿ ಕಾರವಾರದ ಕಡಲತೀರದಲ್ಲಿ ನಿಂತಿದೆ, ಮಕ್ಕಳು ಹತ್ತಿ ನೋಡ್ತಾರೆ, ವಿಕ್ರಾಂತ್‌ನ 2014ರಲ್ಲಿ ಮುಂಬೈಯಲ್ಲಿ ಹಡಗು ಒಡೆಯೋ ಜಾಗ ದಾರುಖಾನಾದಲ್ಲಿ ಒಡೆಯೋಕೆ ಶುರು ಮಾಡಿದಾಗ ಪೇಪರಲ್ಲೆಲ್ಲ ಬಂತು, ಹಳೇ ರಾಜಪೂತ್‌ಗೆ ಉಳಿದಿರೋದು ಅದರ ಫೋಟೋಗಳು ಮಾತ್ರ, ಆ ಜಾಗದಲ್ಲೂ ಬೇರೆ ಹಡಗು ಬಂದ್ರೆ ಹೇಗೆ? ತಿದ್ದುಪಡಿ ಹಾಕುವಾಗ ನಮ್ಮನೆ ಫೋಟೋ ಬೇಕಿದ್ರೆ ಸ್ಕ್ಯಾನ್ ಮಾಡಿಸಿ ಕೊಡ್ತೀನಿ, 141ರಲ್ಲಿ ಕೊನೇ 1 ಸ್ವಲ್ಪ ಮಸುಕಾಗಿದೆ ಅಷ್ಟೇ.

ನಿಮ್ಮ ಓದುಗ, ಡೊಂಬಿವಲಿ ಪೂರ್ವ